ಮುದಿ ಬೀಜ

ಸಂಘದ ಗೆಳೆಯರು ಪತ್ರಿಕೆಗೆ ಕವಿತೆ ಕೊಡು ಎಂದರು. ಕವಿತೆ ನನಗೆ ಒಲಿದಿಲ್ಲ. ಗೊತ್ತಿರುವುದು ಆಲೂಗಡ್ಡೆ. ಪುಣೆಗೆ ಬಂದು ಎರಡು ವರ್ಷವಾದರೂ ಹಾಸನದ ಮಣ್ಣು ಉಗುರಿನಿಂದ ಹೋಗಿಲ್ಲ, ಏನು ಮಾಡೋದು!

ಈ ಜೂನಿನಲ್ಲಿ ಸಹಪಾಠಿಯೊಬ್ಬನ ಊರಿಗೆ ಹೋಗಿದ್ದೆ. ರಾಜಗುರುನಗರ ದಾಟಿದ ಮೇಲೆ, ಆಂಬೇಗಾಂವ ತಾಲ್ಲೂಕಿನ ಸಾತಗಾಂವ ಪಠಾರ. ಅಲ್ಲಿಯೂ ನಮ್ಮಂತೆಯೇ ಮುಂಗಾರಿನಲ್ಲಿ ಆಲೂಗಡ್ಡೆ, ನಮ್ಮಂತೆಯೇ ಪಂಜಾಬಿನ ಬೀಜ. ಗೆಳೆಯನ ಆಯಿ ಪಡಸಾಲೆಯಲ್ಲಿ ಬೀಜದ ಗಡ್ಡೆ ಆರಿಸುತ್ತ ಕೂತಿದ್ದರು. ತುದಿಯಲ್ಲಿ ಒಂದೇ ಮೊಳಕೆ ಎದ್ದಿದ್ದರೆ ಅದನ್ನು ಚಿವುಟುವರು. ಅದು ಇನ್ನೂ ಎಳೇ ಬೀಜ. ತುದಿಯ ಕಣ್ಣು ಉಳಿದ ಕಣ್ಣುಗಳನ್ನು ಏಳಗೊಡುವುದಿಲ್ಲ. ಹಾಗೇ ನೆಟ್ಟರೆ ಗಿಡಕ್ಕೆ ಒಂದೋ ಎರಡೋ ಕಾಂಡ, ಗಡ್ಡೆ ದಪ್ಪ, ಆದರೆ ಕೆಲವೇ. ಚಿವುಟಿದರೆ ಪಕ್ಕದ ಕಣ್ಣುಗಳೂ ಎಚ್ಚರಾಗುತ್ತವೆ. ಕಾಂಡ ಹೆಚ್ಚಿದರೆ ಗಡ್ಡೆಯೂ ಹೆಚ್ಚು. ಗಿಡ್ಡನೆಯ ಗಟ್ಟಿ ಮೊಳಕೆ ಮೂರ್ನಾಲ್ಕು ಇದ್ದದ್ದು ಬಿತ್ತನೆಗೆ ಹದ. ಸುಕ್ಕುಗಟ್ಟಿ ಬಿಳೀ ನೂಲಿನಂಥ ಮೊಳಕೆ ಬಿಟ್ಟದ್ದೊಂದನ್ನು ಆಯಿ ಅತ್ತ ಎಸೆದು, 'ಹೇ ಬೇಣಂ ಮ್ಹಾತಾರಂ ಝಾಲಂ' ಅಂದರು. ಈ ಬೀಜ ಮುದಿಯಾಯ್ತು.

ನನ್ನೆದೆ ಧಸಕ್ಕೆಂದಿತು. ಆ ನೂಲನ್ನು ನಾನು ಕಂಡಿದ್ದೆ.

ಗಡ್ಡೆಯ ವಯಸ್ಸಿಗೆ ಕಿತ್ತ ದಿನದಿಂದ ಎಣಿಸಿದರೆ ಸಾಲದು, ಅದು ಉಂಡ ಬಿಸಿಯನ್ನೂ ಎಣಿಸಬೇಕು. 2ರಿಂದ 4 ಡಿಗ್ರಿಯ ಕೋಲ್ಡ್ ಸ್ಟೋರೇಜಿನಲ್ಲಿ ಮುಪ್ಪು ಬಲು ನಿಧಾನ. ಹೊರಗೆ ಸೆಕೆಯಲ್ಲಿ ಓಡೋಡಿ ಬರುತ್ತದೆ.

ನಾನು ಪಿ.ಯು.ಸಿ. ಓದುತ್ತಿದ್ದ ವರ್ಷ ಮಳೆ ತಡವಾಯ್ತು. ಮಂಡಿಯವರೊಬ್ಬರಿಂದ ಸಾಲಕ್ಕೆ ತಂದ 15 ಮೂಟೆ ಬೀಜ ಮನೆಯಲ್ಲಿತ್ತು. 'ನೆರಳಲ್ಲಿ, ಗಾಳಿ ಬೆಳಕು ಆಡೋ ಕಡೆ ಹರಡ್ಲಾ' ಅಂತ ಹೇಳಿ, ಅಪ್ಪ ಅವ್ವ ಇಬ್ಬರೂ ಅಜ್ಜನನ್ನು ಮೈಸೂರಿನ ಆಸ್ಪತ್ರೆಗೆ ಕರಕೊಂಡು ಹೋದರು. ನಾನು ಸೋಮಾರಿ. ಮೂಟೆಗಳನ್ನು ತಗಡಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಒಟ್ಟಿ ಟಾರ್ಪಾಲು ಮುಚ್ಚಿದೆ. ತಿಂಗಳು ಕಳೆದು, ಅವರು ಬರುವ ಹಿಂದಿನ ದಿನ ಬಿಚ್ಚಿದರೆ ನೂಲು, ಬರೀ ನೂಲು! ಎಲ್ಲ ಉದುರಿಸಿ ಹರಡಿಟ್ಟೆ.

'ಹರಡಿದ್ಯೇನ್ಲಾ?'

'ಹೂಂ.'

ಗಿಡ ಸೊರಗಿ, ಮೊಣಕಾಲುದ್ದಕ್ಕೂ ಬಾರದೆ, ಬೇಗನೆ ಹಳದಿಯಾಯ್ತು. ಕೆಲವು ಕಡೆ ಗಿಡವೇ ಇಲ್ಲ; ಅಗೆದರೆ ತಾಯಿಗಡ್ಡೆಗೇ ಗೋಲಿಯಂಥ ಮರಿ ಅಂಟಿಕೊಂಡಿತ್ತು. ಅಂಗಮಾರಿ ಅಂದವರುಂಟು, ಕಳಪೆ ಬೀಜ ಅಂದವರುಂಟು. ಅಪ್ಪ ಎರಡನೆಯದನ್ನು ನಂಬಿದ. ಮಂಡಿಗೆ ಹೋಗಿ ಹತ್ತು ಜನರೆದುರು ಆ ಯಜಮಾನರನ್ನು ಮೋಸಗಾರ ಅಂದ. ಅವರು ಹೇಳಿದ್ದಿಷ್ಟೆ: 'ಅದೇ ಲಾರಿ ಬೀಜ ನಿಮ್ಮೂರಲ್ಲಿ ಇನ್ನೂ ನಾಕು ಜನ ಹಾಕವ್ರೆ, ಕೇಳಪ್ಪ.' ನಾನು ಪಕ್ಕದಲ್ಲೇ ನಿಂತಿದ್ದೆ.

ಅಂದಿನಿಂದ ಅಲ್ಲಿ ನಮಗೆ ಸಾಲವಿಲ್ಲ. ಬಡ್ಡಿಗೆ ದುಡ್ಡು ತಂದು ಬೇರೆ ಕಡೆ ಬೀಜ ಕೊಳ್ಳುತ್ತಾನೆ ಅಪ್ಪ.

ಆ ರಾತ್ರಿ ಆಯಿಯ ಮನೆಯಿಂದಲೇ ಫೋನು ಮಾಡಿದೆ. ಊರಲ್ಲಿ ಮಳೆಯಿಲ್ಲ, ಬೀಜ ಮನೆಯಲ್ಲೇ ಇದೆ ಅಂದ.

'ಹರಡಿದೀಯೇನಪ್ಪ?'

'ಹೂಂ ಕಣ್ಲಾ. ಆವತ್ತು ನೀನು ಹರಡಿದ್ದೆಯಲ್ಲ, ಹಂಗೇ.'