ಜಯಂತಿಯ ರಾತ್ರಿ ಬಂದವಳು

ನಮ್ಮೂರು ಹನುಮನಹಳ್ಳಿಗೆ ಬಂಡೆ ಹತ್ತುವವರು ಬರುತ್ತಾರೆ. ಗಂಗಾವತಿ ದಾಟಿ ಆನೆಗೊಂದಿ ಕಡೆ ಬಂದವರಿಗೆ ಈ ಊರು ಗೊತ್ತು. ಒಂದು ಕಡೆ ಭತ್ತದ ಗದ್ದೆ, ಬಾಳೆ ತೋಟ. ಇನ್ನೊಂದು ಕಡೆ ಕಲ್ಲೇ ಕಲ್ಲು. ಅಂಜನಾದ್ರಿಯ ಮೆಟ್ಟಿಲು ಹತ್ತುವ ಭಕ್ತರು ಬೇರೆ, ಇವರು ಬೇರೆ. ಇವರು ಸಮುದ್ರ ದಾಟಿ ಬಂದವರು. ಬೆನ್ನಿಗೆ ದಪ್ಪ ಗಾದಿ ಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆ ನಡೆದು ಹೋಗಿ, ಅದನ್ನು ಬಂಡೆಯ ಬುಡಕ್ಕೆ ಹಾಸಿ ಹತ್ತುತ್ತಾರೆ. ಒಬ್ಬ ಹತ್ತುವಾಗ ಇನ್ನೊಬ್ಬ ಕೆಳಗೆ ಎರಡೂ ಕೈ ಎತ್ತಿ ನಿಂತಿರುತ್ತಾನೆ. ಮೇಲಿನವನು ಬಿದ್ದರೆ ತಲೆ ಕಲ್ಲಿಗೆ ಬಡಿಯದಂತೆ ಹೇಗೆ ತಳ್ಳಿ ಗಾದಿಯ ಮೇಲೆ ಬೀಳಿಸಬೇಕು ಅನ್ನುವುದನ್ನು ಅವನು ಕಲಿತಿರುತ್ತಾನೆ. ಅದನ್ನು ಕಲಿಸುವವರಿದ್ದಾರೆ, ಕಲಿಯಲಿಕ್ಕೆ ದುಡ್ಡು ಕೊಡುವವರಿದ್ದಾರೆ. ಆಡು ಕಾಯುತ್ತ ಬರಿಗಾಲಲ್ಲಿ ಅದೇ ಬಂಡೆ ಹತ್ತಿ ಇಳಿಯುತ್ತಿದ್ದ ನಾವು ನೋಡಿ ನಗುತ್ತಿದ್ದೆವು. ಕಲ್ಲ ಹತ್ತಾಕೂ ಸಾಲಿ ಬೇಕೇನ್ರಲೇ!

ಈಗ ನಗು ಬರುವುದಿಲ್ಲ. ಒಬ್ಬ ಹೆಣ್ಣುಮಗಳು ಬೀಳುವಾಗ ನಾವೂ ಹಾಗೇ ಕೈ ಎತ್ತಿ ಕೆಳಗೆ ನಿಂತಿದ್ದೆವು. ಹಿಡಿಯುವುದು ಹೇಗೆ ಅಂತ ಕಲಿತಿರಲಿಲ್ಲ.

ಅವತ್ತು ಏಪ್ರಿಲ್ 14. ಕೇರಿಯ ತುಂಬ ನೀಲಿ ಬಾವುಟ. ಸಂಜೆ ಮೆರವಣಿಗೆ ಮುಗಿದ ಮೇಲೆ ಭಾಷಣ ಮಾಡಿದವರು ನಾವೇ, ಕೇರಿಯಲ್ಲಿ ಡಿಗ್ರಿ ಮುಗಿಸಿದ ನಾವು ಮೂವರು. ಬಾಬಾಸಾಹೇಬರು 1942ರ ಜುಲೈ 20ರಂದು ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಹೆಂಗಸರಿಗೆ ಏನು ಹೇಳಿದರು ಅಂತ ಎದೆ ತಟ್ಟಿ ಹೇಳಿದೆವು. ಮದುವೆಯಾದವಳು ಗಂಡನಿಗೆ ಗೆಳತಿಯಾಗಿ ಸರಿಸಮ ನಿಲ್ಲಬೇಕು, ಅವನ ಗುಲಾಮಳಾಗಲು ಒಪ್ಪಬಾರದು ಅಂದರಂತೆ. ಹಿಂದೂ ಕೋಡ್ ಬಿಲ್ಲಿಗಾಗಿ 1951ರಲ್ಲಿ ಮಂತ್ರಿಗಿರಿ ಬಿಟ್ಟರಂತೆ. ಚಪ್ಪಾಳೆ ಬಿತ್ತು. ರಾತ್ರಿ ಹನ್ನೊಂದರ ಮೇಲೆ ಆಕೆ ಬಂದಳು. ರವಿಕೆಯ ತೋಳು ಹರಿದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಕೆಯ ಗಂಡ ಮಧ್ಯಾಹ್ನ ನಮ್ಮ ಜೊತೆ ನಿಂತು ಬಾವುಟ ಕಟ್ಟಿದವನು.

‘ಅಣ್ಣಾರ, ಕುತ್ತಿಗಿ ಹಿಡದಾನ್ರಿ’ ಅಂದಳು.

ನಾವು ಬಾಯಿ ಬಿಟ್ಟು ಕೇಳಿದ ಮೊದಲ ಮಾತು ಇದು: ‘ನೀ ಏನಂದಿದ್ದಿ ಅವ್ಗ?’

ಆಮೇಲೆ ಗಂಡನನ್ನು ಕರೆಸಿದೆವು. ಇಬ್ಬರನ್ನೂ ಕಟ್ಟೆಯ ಮೇಲೆ ಎದುರುಬದುರು ಕೂಡಿಸಿದೆವು. ಆಕೆ ನಮಗೆ ಹೇಳಿದ್ದನ್ನೆಲ್ಲ, ಕೂಲಿ ದುಡ್ಡು ಕಸಿದುಕೊಂಡದ್ದು, ಅತ್ತೆಯ ಮುಂದೆ ಒದ್ದದ್ದು, ಯಾರ ಮುಂದೂ ಹೇಳಬಾರದ ಇನ್ನೊಂದು, ಒಂದೂ ಬಿಡದೆ ಅವನ ಮುಂದೆ ಹೇಳಿ ‘ಇದು ಖರೇ ಏನೋ?’ ಅಂತ ಗದರಿಸಿದೆವು. ಅವನು ಅತ್ತ. ಪಟದ ಮುಂದೆ ನಿಂತು ಆಣೆ ಮಾಡಿದ. ಕೈ ಕೈ ಕೂಡಿಸಿ ಕಳಿಸಿಕೊಟ್ಟೆವು. ನಾಚಿಕೆ ಬಿಟ್ಟು ಹೇಳುತ್ತೇವೆ, ಆ ರಾತ್ರಿ ಮನೆಗೆ ಹೋಗಿ ಅದರ ಮೇಲೆ ಒಂದು ಕವಿತೆಯನ್ನೂ ಬರೆದೆವು.

ಒಂಬತ್ತನೆಯ ದಿನ ಆಕೆಯ ಮುಂಗೈ ಮುರಿದಿತ್ತು. ಹತ್ತನೆಯ ದಿನ ಒಂದು ಕೂಸನ್ನು ಸೊಂಟಕ್ಕೆ ಹಾಕಿಕೊಂಡು, ಇನ್ನೊಂದನ್ನು ಬಿಟ್ಟು, ಮೊದಲ ಬಸ್ಸಿಗೆ ಕುಷ್ಟಗಿ ಕಡೆಯ ತವರಿಗೆ ಹೋದಳು. ಬಹಳ ದಿನದ ಮೇಲೆ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಮಾತಾಡಿಸಿದೆವು. ಸಿಟ್ಟಿರಲಿಲ್ಲ ಆಕೆಯ ದನಿಯಲ್ಲಿ. ‘ಅವತ್ತ ನಿಮ್ಮ ಕಡೆ ಬರಬಾರದಿತ್ರಿ. ನಾ ಹೊರಗ ಹೇಳೀನಿ ಅನ್ನೋದು ಅಂವಗ ಗೊತ್ತಾಗಿದ್ದ ನಿಮ್ಮಿಂದ’ ಅಂದಳು.

ನಮ್ಮವ್ವನೂ ಹೊಡಿಸಿಕೊಂಡವಳೇ. ಅಪ್ಪ ಹೊಡೆಯುವಾಗ ನಾವು ಪಾಠ ಓದುವ ದನಿ ಜೋರು ಮಾಡುತ್ತಿದ್ದೆವು. ಹಾಗೆ ಓದಿ ಓದಿಯೇ ಡಿಗ್ರಿ ಆಯಿತು. ಅವ್ವನ ಮೇಲೆ ಹನ್ನೊಂದು ಕವಿತೆ ಬರೆದಿದ್ದೇವೆ, ಲೆಕ್ಕ ಹಾಕಿ ನೋಡಿದೆವು. ಒಂದರಲ್ಲೂ ಅಪ್ಪ ಹೊಡೆಯುವುದಿಲ್ಲ. ಎಲ್ಲದರಲ್ಲೂ ಊರ ಗೌಡನೇ ಹೊಡೆಯುತ್ತಾನೆ.

ಬಸ್‌ಸ್ಟ್ಯಾಂಡಿನ ಆ ಮಾತು ಕೇಳಿದ ಮೇಲೆಯೇ ಇದನ್ನು ಕಲಿಸುವವರು ಎಲ್ಲಾದರೂ ಇದ್ದಾರೆಯೇ ಅಂತ ಹುಡುಕಲು ಶುರು ಮಾಡಿದ್ದು.

ಮೊದಲು ಸಿಕ್ಕಿದ್ದು ಕಾನೂನಿನ ದಾರಿ. ಅರೆಕಾನೂನು ಸ್ವಯಂಸೇವಕರು ಅಂತ ಒಂದು ಯೋಜನೆ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ್ದು, 2009ರಲ್ಲಿ ಬಂದದ್ದು. ವಕೀಲರೇ ಆಗಬೇಕಿಲ್ಲ. ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ವಿದ್ಯಾರ್ಥಿ, ಸಂಘದ ಹೆಂಗಸರು ಯಾರೂ ಆಗಬಹುದು. ಜಿಲ್ಲಾ ಪ್ರಾಧಿಕಾರ ಅರ್ಜಿ ಕರೆದಾಗ ಹಾಕಬೇಕು. ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳಿಗೆ ಇದನ್ನು ಒತ್ತಿ ಹೇಳುತ್ತೇವೆ, ಯಾಕೆಂದರೆ ನಮಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಕೂತಾಗ ನಮ್ಮ ಅಜ್ಞಾನದ ಅಳತೆ ಸಿಕ್ಕಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಅದರ ಪ್ರಕಾರ ಹೊಡೆತದ ಸುದ್ದಿ ಗೊತ್ತಾದ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವನ ಮೇಲೆ ಕೇಸು ಆಗುವುದಿಲ್ಲ. ರಕ್ಷಣಾಧಿಕಾರಿ ಯಾರು? ಕರ್ನಾಟಕದಲ್ಲಿ ತಾಲೂಕಿನ ಸಿಡಿಪಿಓ ಅವರಿಗೇ ಆ ಕೆಲಸ ಹಚ್ಚಿದ್ದಾರೆ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕೊಡಬೇಕು. ಅರ್ಜಿ ಹೋದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ ಅರವತ್ತು ದಿನದೊಳಗೆ ತೀರ್ಪಿಗೆ ಯತ್ನ ಅಂತ ಕಾಯ್ದೆ ಹೇಳುತ್ತದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಆಕೆಯನ್ನು ಹೊರಗೆ ಹಾಕುವಂತಿಲ್ಲ. ಹೆಣ್ಣುಮಗಳಿಗೆ ಅಂದಮೇಲೆ ಆದಾಯ ಕೇಳದೆ ವಕೀಲರನ್ನು ಪುಕ್ಕಟೆ ಕೊಡಬೇಕು, 1987ರ ಕಾಯ್ದೆಯಲ್ಲೇ ಇದೆ.

ಇವಿಷ್ಟರಲ್ಲಿ ಆ ರಾತ್ರಿ ನಮಗೆ ಒಂದೂ ಗೊತ್ತಿರಲಿಲ್ಲ. ಆಶ್ರಯ ಮನೆಯ ಹಕ್ಕುಪತ್ರ ಆಕೆಯ ಹೆಸರಲ್ಲೇ ಇತ್ತು ಅಂತ ಆಮೇಲೆ ಗೊತ್ತಾಯಿತು. ತನ್ನ ಮನೆಯಿಂದ ತಾನೇ ಓಡಿಹೋದಳು ಆಕೆ.

ಕಾನೂನು ಕಲಿತೆವು, ಆದರೆ ಆಕೆ ಬಂದು ಎದುರು ನಿಂತಾಗ ಮೊದಲ ಹತ್ತು ನಿಮಿಷ ಏನು ಮಾಡಬೇಕು ಅನ್ನುವುದು ಅಲ್ಲಿರಲಿಲ್ಲ. ಅದನ್ನು ಕಲಿತದ್ದು ಹೊಸಪೇಟೆಯಲ್ಲಿ, ಹೆಂಗಸರ ಒಂದು ಸಂಘಟನೆ ನಡೆಸಿದ ಮೂರು ದಿನದ ಶಿಬಿರದಲ್ಲಿ. ಗಂಡಸರು ನಾವು ನಾಲ್ಕೇ ಮಂದಿ. ಮೊದಲ ದಿನ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂಡಿಸಿ, ಒಬ್ಬರು ಐದು ನಿಮಿಷ ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ಸುಮ್ಮನೆ ಕೇಳಬೇಕು ಅಂದರು. ನಮ್ಮ ಪಾಲಿಗೆ ಬಂದದ್ದು ಗಂಗಾವತಿ ಸೀಮೆಯ ಒಬ್ಬ ಮುದುಕಿ. ಆಕೆ ಹೇಳತೊಡಗಿ ಒಂದು ನಿಮಿಷ ಆಗಿರಲಿಲ್ಲ, ‘ಅದಕ್ಕ ಹಿಂಗ ಮಾಡಬೇಕವ್ವಾ...’ ಅಂತ ನಾವು ಶುರು ಹಚ್ಚಿಕೊಂಡೆವು. ಆಕೆ ನಕ್ಕಳು. ‘ಬಾಯಿ ಮುಚಿಗೊಂಡ ಕುಂದ್ರೋದ ದೊಡ್ಡ ಇದ್ಯಾ ಐತಿ ತಮ್ಮಾ’ ಅಂದಳು.

ಎರಡನೆಯ ದಿನ ಒಂದು ಪ್ರಶ್ನಾವಳಿ ತಂದರು. ಜಾಕ್ವೆಲಿನ್ ಕ್ಯಾಂಬೆಲ್ ಅಂತ ಅಮೆರಿಕದ ಒಬ್ಬ ನರ್ಸು 1985ರಲ್ಲಿ ಮಾಡಿದ್ದಂತೆ. ಗಂಡನ ಕೈಯಲ್ಲಿ ಯಾರು ಸಾಯಬಹುದು ಅನ್ನುವುದನ್ನು ಮೊದಲೇ ಗುರುತಿಸಲಿಕ್ಕೆ ಕೇಳುವ ಪ್ರಶ್ನೆಗಳು. ಕೊಲ್ಲುತ್ತೇನೆ ಅಂದಿದ್ದಾನಾ? ಹೊಡೆತ ಇತ್ತೀಚೆಗೆ ಹೆಚ್ಚಾಗಿದೆಯಾ? ಕುತ್ತಿಗೆ ಹಿಚುಕಿದ್ದಾನಾ? ಆ ಮೂರನೆಯ ಪ್ರಶ್ನೆಗೆ ನಮ್ಮ ಉಸಿರು ನಿಂತಿತು. ಕುತ್ತಿಗೆ ಹಿಚುಕಿಸಿಕೊಂಡವಳು ಮುಂದೊಂದು ದಿನ ಅದೇ ಕೈಯಿಂದ ಕೊಲೆಯಾಗುವ ಅಪಾಯ ಎಷ್ಟೋ ಪಟ್ಟು ಹೆಚ್ಚು. ಗಾಯ ಹೊರಗೆ ಕಾಣಲಿಕ್ಕಿಲ್ಲ, ಒಳಗೆ ಬಾವು ಬಂದು ಎರಡು ದಿನ ಬಿಟ್ಟು ಉಸಿರು ಕಟ್ಟಬಹುದು. ತಕ್ಷಣ ದವಾಖಾನೆಗೆ ಕಳಿಸಬೇಕು. ಇದನ್ನೆಲ್ಲ ಅಲ್ಲಿ ಕಲಿತೆವು. ಆಕೆ ಹೇಳಿದ ಮೊದಲ ಮಾತೇ ಅದಾಗಿತ್ತು. ನಾವು ಕೇಳಿಸಿಕೊಂಡಿರಲಿಲ್ಲ.

ಇಬ್ಬರನ್ನೂ ಎದುರುಬದುರು ಕೂಡಿಸಿ ರಾಜಿ ಮಾಡಬಾರದು ಅನ್ನುವುದನ್ನೂ ಅಲ್ಲಿಯೇ ಕಲಿತೆವು. ಗಂಡನ ಮುಂದೆ ಆಕೆ ಖರೇ ಹೇಳಲಾರಳು, ಹೇಳಿದರೆ ಮನೆಗೆ ಹೋದ ಮೇಲೆ ಅದರ ಬೆಲೆ ತೆರಬೇಕು. ಬಿಟ್ಟು ಹೊರಡುವ ಹೊತ್ತೇ ಬಹಳ ಅಪಾಯದ್ದು. ಅದಕ್ಕೇ ಮೊದಲು ಆಕೆಯ ಜೊತೆ ಕೂತು ಲೆಕ್ಕ ಹಾಕಬೇಕು: ರೇಶನ್ ಕಾರ್ಡು, ಆಧಾರ್, ಹಕ್ಕುಪತ್ರದ ಝೆರಾಕ್ಸು, ಮಕ್ಕಳ ಸಾಲಿ ಕಾಗದ, ಬಸ್ಸಿನ ದುಡ್ಡು ಒಂದು ಚೀಲದಲ್ಲಿ ಯಾರ ಮನೆಯಲ್ಲಿ ಇಡುವುದು, ರಾತ್ರಿ ಯಾವ ಬಾಗಿಲು ಬಡಿಯುವುದು, ಮಕ್ಕಳನ್ನು ಹೇಗೆ ಕರೆದೊಯ್ಯುವುದು. ಆಕೆ ಒಂದು ಕೂಸನ್ನು ಬಿಟ್ಟು ಹೋದಳು ಅಂತ ಕೇರಿಯ ಮಂದಿ ಆಕೆಯನ್ನೇ ಬೈದರು. ಆ ಲೆಕ್ಕ ಹಾಕಿಕೊಡಬೇಕಾದವರು ನಾವಾಗಿದ್ದೆವು.

ಮೂರನೆಯ ದಿನ ಹಲಗೆಯ ಮೇಲೆ ಒಂದು ಗಾಲಿ ಬರೆದರು. ಅಮೆರಿಕದ ಡುಲೂತ್ ಅನ್ನುವ ಊರಿನಲ್ಲಿ 1984ರಲ್ಲಿ, ಹೊಡಿಸಿಕೊಂಡ ಹೆಂಗಸರು ಹೇಳಿದ್ದನ್ನೇ ಕೂಡಿಸಿ ಬರೆದ ಚಿತ್ರವಂತೆ. ನಡುವೆ ಅಧಿಕಾರ, ಹತೋಟಿ. ಸುತ್ತ ಅರಗಳಲ್ಲಿ ಹೆದರಿಕೆ, ದುಡ್ಡು ಹಿಡಿಯುವುದು, ಒಂಟಿ ಮಾಡುವುದು, ಮಕ್ಕಳನ್ನು ಮುಂದೆ ಮಾಡುವುದು. ಚಿತ್ರ ಚೆನ್ನಾಗಿತ್ತು. ಆ ಮುದುಕಿ ಎದ್ದು ನಿಂತು ‘ಇದರಾಗ ಪೊಲೀಸರ ಅರ ಎಲ್ಲೈತ್ರಿ?’ ಅಂತ ಕೇಳಿದಳು. ಕೇರಿಯ ಹೆಣ್ಣುಮಗಳು ಠಾಣೆಗೆ ಯಾಕೆ ಹೋಗುವುದಿಲ್ಲ ಅಂದರೆ, ಗಂಡನ ಹೆದರಿಕೆ ಒಂದೇ ಅಲ್ಲ. ತನ್ನ ಗಂಡನನ್ನು ಯಾವ ಕೈಗೆ ಒಪ್ಪಿಸುತ್ತಿದ್ದೇನೆ ಅಂತ ಆಕೆಗೆ ಗೊತ್ತು. ಅದೇ ಬೆತ್ತ ನಾಳೆ ಮಗನ ಬೆನ್ನಿಗೂ ಬರುತ್ತದೆ. ಆ ಅರವನ್ನು ಕಲಿಸಿದವರೂ ಹಲಗೆಯ ಮೇಲೆ ಬರೆದುಕೊಂಡರು. ಕುಡಿತದ ಮಾತೂ ಬಂತು. ರಾಯಚೂರು, ಕೊಪ್ಪಳದ ಹೆಂಗಸರು 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದವರು. ಅವರ ಸಿಟ್ಟು ಸುಳ್ಳಲ್ಲ. ಆದರೆ ನಮ್ಮ ಜಯಂತಿಯ ಗೆಳೆಯ ಅವತ್ತು ಒಂದು ಹನಿ ಕುಡಿದಿರಲಿಲ್ಲ.

ಆ ಮುದುಕಿ ಎಲ್ಲಿ ಕಲಿತಳು? ಮಹಿಳಾ ಸಮಖ್ಯದಲ್ಲಿ. 1989ರಲ್ಲಿ ಕರ್ನಾಟಕದಲ್ಲಿ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಿಂದ ಶುರುವಾಗಿ ನಮ್ಮ ಕಡೆಗೂ ಬಂದ ಕಾರ್ಯಕ್ರಮ. ಹತ್ತು ಹಳ್ಳಿಗೊಬ್ಬ ಸಹಯೋಗಿನಿ ಕಾಲ್ನಡಿಗೆಯಲ್ಲೋ ಬಸ್ಸಿನಲ್ಲೋ ಬಂದು, ರಾತ್ರಿ ಕೂಲಿ ಮುಗಿಸಿದ ಹೆಂಗಸರನ್ನು ಕೂಡಿಸಿ ಹಾಡು, ಚಿತ್ರ, ಮಾತಿನಲ್ಲೇ ಕಲಿಸಿದಳು. ಸಂಘದಲ್ಲಿ ಹೆಚ್ಚಿನವರು ನಮ್ಮ ಕೇರಿಯಂಥ ಕೇರಿಯವರು. ಆಮೇಲೆ ಅವರೇ ನಾರಿ ಅದಾಲತ್ ಕೂಡಿಸಿ ಪಕ್ಕದೂರಿನ ಜಗಳಗಳನ್ನೂ ಕೇಳಿದರು. 2016ರ ಹೊತ್ತಿಗೆ ಕೇಂದ್ರ ಸರಕಾರ ಅದನ್ನು ಕೈಬಿಟ್ಟಿತು. ಕಲಿತವರು ಗದ್ದೆಗೆ ಮರಳಿದರು.

ಈಗಲೂ ತರಬೇತಿ ಇಲ್ಲ ಅಂತಲ್ಲ. ಪೊಲೀಸರಿಗೆ, ನ್ಯಾಯಾಧೀಶರಿಗೆ ಕಾಲಕಾಲಕ್ಕೆ ಕಲಿಸಬೇಕು ಅಂತ 2005ರ ಕಾಯ್ದೆಯ 11ನೇ ಕಲಮೇ ಹೇಳುತ್ತದೆ. 2015ರಿಂದ ಸಖಿ ಕೇಂದ್ರಗಳು ಬಂದವು. ಅವುಗಳ 6000 ಸಿಬ್ಬಂದಿಗೆ ಕಲಿಸಲಿಕ್ಕೆ 2022ರ ಮಾರ್ಚಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ತ್ರೀ ಮನೋರಕ್ಷಾ ಯೋಜನೆ ಶುರುವಾಯಿತು. ಒಳ್ಳೆಯದೇ. ಆದರೆ ಆ ಕೆಲಸಗಳು ಸಮಾಜಕಾರ್ಯದ್ದೋ ಕಾನೂನಿನದ್ದೋ ಪದವಿ ಕೇಳುತ್ತವೆ. ನಮ್ಮ ಹತ್ತಿರ ಪದವಿ ಇದೆ, ಕುತ್ತಿಗೆಯ ಮಾತು ಕೇಳಿಸಲಿಲ್ಲ. ಮುದುಕಿಗೆ ಕೇಳಿಸುತ್ತದೆ, ಆಕೆಯ ಹತ್ತಿರ ಸಂಘದ ಹೆಬ್ಬೆಟ್ಟಿನ ಪುಸ್ತಕ ಬಿಟ್ಟು ಬೇರೆ ಕಾಗದ ಇಲ್ಲ. ಇನ್ನು ತಾಲೂಕಿನ ರಕ್ಷಣಾಧಿಕಾರಿ ಅಂದರೆ ಅಂಗನವಾಡಿಯ ಮೊಟ್ಟೆ, ಹಾಲು, ಕಟ್ಟಡ, ಹಾಜರಿಯ ಜೊತೆಗೆ ಇದನ್ನೂ ಹೊತ್ತವರು. ಹೊಡಿಸಿಕೊಂಡವಳು ಮೊದಲ ರಾತ್ರಿ ಅವರ ಬಾಗಿಲಿಗೆ ಹೋಗುತ್ತಾಳಾ? ಪಕ್ಕದ ಮನೆಗೆ, ಅಂಗನವಾಡಿ ಅಕ್ಕನ ಮನೆಗೆ, ಆಶಾ ಹತ್ತಿರ, ಮಕ್ಕಳ ಸಾಲಿ ಮೇಷ್ಟ್ರ ಹತ್ತಿರ, ನಮ್ಮಂಥ ಸಂಘಟನೆಯ ಹುಡುಗರ ಹತ್ತಿರ ಬರುತ್ತಾಳೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರದು. 18ರಿಂದ 49ರ ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಗಂಡನ ಹಿಂಸೆ ಕಂಡವರು ಕರ್ನಾಟಕದಲ್ಲಿ ನೂರಕ್ಕೆ 44.4. ದೇಶದಲ್ಲೇ ಮೊದಲ ಸ್ಥಾನ. ಅದರ ಹಿಂದಿನ ಸಮೀಕ್ಷೆಯಲ್ಲಿ 20.6 ಇತ್ತು. ಹೊಡೆತ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಪಂಡಿತರು ವಾದ ಮಾಡಲಿ. ನಮ್ಮ ಕೇರಿಯಲ್ಲಿ ಬಾಗಿಲು ಲೆಕ್ಕ ಹಾಕಿದರೆ ಆ ಸಂಖ್ಯೆ ಹೆಚ್ಚು ಅಂತ ನಮಗಂತೂ ಅನ್ನಿಸುವುದಿಲ್ಲ.

ಗೆಳೆಯರೇ, ಚಳವಳಿಗೆ ಕಲಿಸುವುದು ಗೊತ್ತಿಲ್ಲವೆ? ದೌರ್ಜನ್ಯದ ದೂರು ಬರೆಯುವುದನ್ನು ನಮಗೆ ಕಲಿಸಿದ್ದು ಚಳವಳಿಯ ಶಿಬಿರಗಳೇ. ಯಾವ ಕಲಮು, ಎಷ್ಟು ಹೊತ್ತಿಗೆ, ಯಾರ ಸಾಕ್ಷಿ, ಠಾಣೆಯಲ್ಲಿ ತಗೊಳ್ಳದಿದ್ದರೆ ಮುಂದೆ ಎಲ್ಲಿಗೆ, ಎಲ್ಲ ಬಾಯಿಪಾಠ. ನಮ್ಮದೇ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಪಟ್ಟು ಬಿಡದ್ದಕ್ಕೆ 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕದ್ದು ಬೇರೆ ಮಾತು. ಅಷ್ಟು ಕಲಿತ ನಮಗೆ ನಮ್ಮದೇ ಕಟ್ಟೆಯ ಮೇಲೆ ಒಂದು ಘಟನಾ ವರದಿ ಬರೆಯಲಿಕ್ಕೆ ಬರಲಿಲ್ಲ. ಹಾಗೆ ಬರೆದರೆ ಚಳವಳಿ ಒಡೆಯುತ್ತದೆ, ಮೇಲಿನವರು ನಗುತ್ತಾರೆ ಅಂತ ನಮ್ಮ ಹಿರಿಯರೊಬ್ಬರು ಹೇಳಿದರು. ಅವರ ಮೇಲೆ ಗೌರವ ಇದೆ. ಆ ಮಾತನ್ನು ಒಪ್ಪಿಲ್ಲ.

ಮುಂದಿನ ಶಿಬಿರದಲ್ಲಿ ಒಂದು ಇಡೀ ದಿನ ಇದಕ್ಕೇ ಅಂತ ನಾವು ಮೂವರು ಹಟ ಹಿಡಿದು ಬರೆಸಿಕೊಂಡಿದ್ದೇವೆ. ಅಂಗನವಾಡಿ ಅಕ್ಕ, ಆಶಾ, ಸಾಲಿಯ ಇಬ್ಬರು ಮೇಷ್ಟ್ರು ಬರುತ್ತೇವೆ ಅಂದಿದ್ದಾರೆ. ಘಟನಾ ವರದಿಯ ನಮೂನೆಯನ್ನು ಝೆರಾಕ್ಸು ಮಾಡಿಸಿದ್ದೇವೆ; 181 ಮತ್ತು 15100, ಈ ಎರಡು ಫೋನು ನಂಬರನ್ನು ಸಾಲಿ ಗೋಡೆಗೆ ಬರೆಯಲಿಕ್ಕೆ ಹೆಡ್‌ಮಾಸ್ತರು ಒಪ್ಪಿದ್ದಾರೆ. ಕಲಿಸಲು ಬಾ ಅಂತ ಆ ಮುದುಕಿಯನ್ನು ಕರೆಯಲಿಕ್ಕೆ ಹೋದೆವು. ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಹಚ್ಚುತ್ತಿದ್ದಳು. ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿಸಿಕೊಂಡಳು.

‘ಬೆಂಗಳೂರಿಂದ ಬರೋರಿಗೆ ಏನ್ ಕೊಡ್ತೀರಿ?’

ಹೋಗಿಬರುವ ಖರ್ಚು, ಮೇಲೊಂದಿಷ್ಟು ಅಂದೆವು.

‘ನಂಗೂ ಬಸ್ ಚಾರ್ಜು ಕೊಡ್ರಿ, ಒಂದಿನದ ನಾಟಿ ಕೂಲಿ ಕೊಡ್ರಿ. ಬರ್ತೀನಿ’ ಅಂದು ಮತ್ತೆ ಬಗ್ಗಿದಳು.