ಹನ್ನೊಂದು ಪ್ಲೇಟ್ ಮಿರ್ಚಿ

1980ರ ಫೆಬ್ರುವರಿ 16, ಶನಿವಾರ. ಸೂರ್ಯಗ್ರಹಣ. ಆ ಕಡೆ ರಾಯಚೂರಲ್ಲಿ ಹಾಡಹಗಲೇ ಪೂರ್ತಿ ಕತ್ತಲಂತೆ, ನಮ್ಮ ಬಳ್ಳಾರಿಯಲ್ಲಿ ಸೂರ್ಯ ಒಂದು ಚೂರು ಉಳಿಯುತ್ತಾನಂತೆ ಎಂದು ಸುದ್ದಿ. ಆ ಚೂರನ್ನೂ ನಂಬದ ಅಜ್ಜಿ ನಮ್ಮನ್ನು ಒಳಗೆ ಕೂಡಿಹಾಕಿ, ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮುಂಬಯಿಯ ವಾಂಖೆಡೆಯಲ್ಲೂ ಅವತ್ತು ಆಟಕ್ಕೆ ರಜೆ. ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಎದುರಿಗೆ ಇಂಗ್ಲೆಂಡ್. ಅಜ್ಜಿಯ ಮಾತಿಗೆ ಅಷ್ಟು ದೂರದವರೆಗೆ ಬೆಲೆ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಮರುದಿನ ಚಹಾದಂಗಡಿಯ ರೇಡಿಯೊ ಸುತ್ತ ಜಾತ್ರೆ. ಇಂಗ್ಲೆಂಡ್ 58ಕ್ಕೆ 5. ಆಮೇಲೆ ಕಪಿಲ್ ಎಸೆತಕ್ಕೆ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್. ಅಂಪೈರ್ ಬೆರಳೆತ್ತಿಯೂ ಆಯಿತು, ನಾವು ಕೇಕೆ ಹಾಕಿಯೂ ಆಯಿತು. ಅಷ್ಟರಲ್ಲಿ ಸ್ಲಿಪ್‌ನಲ್ಲಿ ನಿಂತಿದ್ದ ನಾಯಕ, ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅಂಪೈರ್‌ಗೆ ಹೇಳಿ ಟೇಲರ್‌ನನ್ನು ವಾಪಸ್ ಕರೆದರು! ಟೇಲರ್ ಹೊಡೆದದ್ದು 43. ಆದರೆ ಅವನು ಆ ಕಡೆ ಗೂಟ ಹೊಡೆದುಕೊಂಡು ನಿಂತದ್ದಕ್ಕೆ ಈ ಕಡೆ ಬೋಥಮ್ 114 ಬಾರಿಸಿದ. ಜೊತೆಯಾಟ 171. ನಾವು ಹತ್ತು ವಿಕೆಟ್‌ಗಳಿಂದ ಸೋತೆವು. ವಿಶಿ ನಾಯಕರಾಗಿದ್ದೇ ಎರಡು ಟೆಸ್ಟ್‌ಗೆ, ಇದು ಎರಡನೆಯದು.

"ಇಷ್ಟು ಧರ್ಮಬುದ್ಧಿ ಇದ್ರೆ ಛತ್ರ ಕಟ್ಟಿಸಬೇಕಿತ್ತು, ಕ್ರಿಕೆಟ್ ಯಾಕ ಆಡಬೇಕು?" ಎಂದ ಅಂಗಡಿಯವ.

ನನಗೆ ಮಾತ್ರ ಹುಚ್ಚು ಹಿಡಿಯಿತು. ಬ್ಯಾಟು ನನ್ನದಾದ್ದರಿಂದ ಬೀದಿ ತಂಡಕ್ಕೆ ನಾನೇ ನಾಯಕ. ಮುಂದಿನ ಭಾನುವಾರ ಕೋಟೆ ಗುಡ್ಡದ ಬುಡದಲ್ಲಿ ಸಿರುಗುಪ್ಪದ ಹುಡುಗರ ಜೊತೆ ಮ್ಯಾಚು. ಪಂದ್ಯ ಕಟ್ಟಿದ್ದು ಹನ್ನೊಂದು ಪ್ಲೇಟ್ ಒಗ್ಗರಣಿ-ಮಿರ್ಚಿ. ಅವರ ಕೊನೆಯ ಜೋಡಿ ಆಡುವಾಗ ಒಬ್ಬ ಕೀಪರ್‌ಗೆ ಕ್ಯಾಚ್ ಕೊಟ್ಟ. ಎಲ್ಲರೂ ಕುಣಿಯುತ್ತಿರುವಾಗ ನಾನು ಕೈಯೆತ್ತಿ, ಆದಷ್ಟು ವಿಶಿಯ ಹಾಗೆ ಕತ್ತು ಓರೆ ಮಾಡಿ, "ತಾಗಿಲ್ಲ, ಬಾರೋ" ಎಂದೆ. ಬಂದ. ಬಂದವನು ಗೆಲ್ಲಿಸಿಕೊಂಡೇ ಹೋದ.

ನಮ್ಮ ಕೀಪರ್ ಎರಡು ತಿಂಗಳು ಮಾತು ಬಿಟ್ಟ. ಮಿರ್ಚಿಯ ದುಡ್ಡು ಅಜ್ಜಿಯ ಎಲೆಯಡಿಕೆ ಚೀಲದಿಂದ ಬಂತು. ಅದು ಅವಳಿಗೆ ಗೊತ್ತಾದದ್ದು ಆಮೇಲೆ. ಎದುರಾಳಿಯ ಕಣ್ಣಿಗೆ ದೊಡ್ಡವನಾದೆ ನಿಜ, ನಮ್ಮವರ ಮುಂದೆ ಮುಖ ಎತ್ತುವುದೇ ಕಷ್ಟವಾಯಿತು. ವಿಶಿ ಆ ಸಂಜೆ ಡ್ರೆಸ್ಸಿಂಗ್ ರೂಮಿಗೆ ಹೇಗೆ ಹೋದರೋ ಎಂದು ಇವತ್ತಿಗೂ ಯೋಚಿಸುತ್ತೇನೆ.

1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿದ್ದಾಗ, ಹತ್ತನೆಯದು ತನ್ನ ಪಾಲಿಗೆ ಬೀಳದಿರಲೆಂದು ನಮ್ಮ ಶ್ರೀನಾಥ್ ಬೇಕೆಂತಲೇ ಸ್ಟಂಪಿನಿಂದ ಆಚೆಗೆಸೆದರಲ್ಲ, ಆಗ ಹಳೆಯ ಗಾಯ ಸ್ವಲ್ಪ ಮಾಗಿತು. ಕುಂಬ್ಳೆ 74ಕ್ಕೆ 10. ಕೈಗೆ ಬಂದ ವಿಕೆಟ್ ಬಿಡುವ ಚಟ ನಮ್ಮ ನೀರಲ್ಲೇ ಇರಬೇಕು.

ಈಚೆಗೆ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಅವತ್ತು ನಾನು ವಾಪಸ್ ಕರೆದವನು ಸಿಕ್ಕ. ತಲೆ ಬೋಳು, ಕೈಯಲ್ಲಿ ಸೋನಾ ಮಸೂರಿ ಚೀಲ. ನಾನು ಗ್ರಹಣದಿಂದ ಶುರುಮಾಡಿ ಟೇಲರ್, ಬೋಥಮ್, ಮಿರ್ಚಿಯವರೆಗೆ ಎಲ್ಲ ನೆನಪಿಸಿದೆ. ಅವನು ಚೀಲ ಕೆಳಗಿಟ್ಟ.

"ಅವತ್ತು ತಾಗಿತ್ತಪಾ," ಎಂದ. "ಸಣ್ಣಗ. ನೀನ ಅಷ್ಟು ಪ್ರೀತಿಯಿಂದ ಕರದಿ, ಹೆಂಗ ಬ್ಯಾಡ ಅನ್ನಲಿ?"

ಎದುರಿನ ಬಂಡಿಗೆ ಎರಡು ಪ್ಲೇಟ್ ಹೇಳಿದ. ದುಡ್ಡು ಕೊಡಲು ನಾನು ಜೇಬಿಗೆ ಕೈ ಹಾಕಲಿಲ್ಲ. ಇನ್ನೂ ಒಂಬತ್ತು ಬಾಕಿ.