ಕದಲದ ಜಗಲಿ

ಶೃಂಗೇರಿಯ ಮಗ್ಗುಲಲ್ಲಿರುವ ಮೆಣಸೆಯಲ್ಲಿ ಎಂಬತ್ತು ವರ್ಷದ ಹಿರಿಯರೊಬ್ಬರಿದ್ದಾರೆ. ಹುಟ್ಟಿದ ಮನೆಯ ಜಗಲಿಯನ್ನು ಬಿಟ್ಟು ಕದಲಲೊಲ್ಲರು. ಬೆಂಗಳೂರಿನಲ್ಲಿರುವ ಮಗ ಪ್ರತಿ ಬೇಸಗೆಯಲ್ಲಿಯೂ ಬಂದು, “ಅಪ್ಪಯ್ಯ, ಇನ್ನು ಒಬ್ಬರೇ ಇರುವುದು ಬೇಡ, ನಮ್ಮೊಡನೆ ಬಂದುಬಿಡಿ” ಎನ್ನುವುದೂ, ಅವರು “ಭೂಮಿಗೆ ಅಚಲೆ, ಸ್ಥಿರೆ ಎಂದು ಅಮರಕೋಶದಲ್ಲಿಯೇ ಹೆಸರಿದೆ. ನಾನು ಆಕೆಯ ಕಡೆಯವನು” ಎನ್ನುವುದೂ ವಾಡಿಕೆ. ಸಂಸ್ಕೃತ ವಿಶ್ವವಿದ್ಯಾಲಯದ ಪರಿಸರವೇ ಇರುವ ಊರಿನಲ್ಲಿ ಅಮರಕೋಶಕ್ಕೆ ಎದುರಾಡುವವರಾರು?

ಎದುರಾಡಿದವನು ಮೊಮ್ಮಗ. ಈ ಬೇಸಗೆಯಲ್ಲಿ ಒಂದು ಸಂಜೆ ತುಂಗೆಯ ದಂಡೆಯಲ್ಲಿ ಕುಳಿತಿದ್ದಾಗ ಅವನು ಕೇಳಿದ: “ಅಜ್ಜ, ಪಶ್ಚಿಮ ಸಮುದ್ರ ಇಲ್ಲಿಂದ ನೇರವಾಗಿ ಸುಮಾರು 60 ಕಿಲೋಮೀಟರು. ತುಂಗೆ ಅದಕ್ಕೆ ಬೆನ್ನು ತಿರುಗಿಸಿ, ಕೂಡಲಿಯಲ್ಲಿ ಭದ್ರೆಯನ್ನೂ ಮುಂದೆ ಕೃಷ್ಣೆಯನ್ನೂ ಸೇರಿ, ಬಂಗಾಳ ಕೊಲ್ಲಿಯವರೆಗೆ ಏಕೆ ಹೋಗಬೇಕು?”

“ಅದು ಆಕೆಯ ಇಚ್ಛೆ” ಎಂದರು ಅಜ್ಜ.

“ಇಚ್ಛೆಯಲ್ಲ ಅಜ್ಜ, ನೆಲದ ವಾಟ!”

ಹುಡುಗ ಹೇಳಿದುದು ಸಟೆಯಲ್ಲ. ಭೂಖಂಡಗಳು ಚಲಿಸುತ್ತವೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಸಾರಿದಾಗ ಪಂಡಿತರನೇಕರು ನಕ್ಕರು. 1930ರಲ್ಲಿ ಆತ ಗ್ರೀನ್‌ಲೆಂಡಿನ ಹಿಮದಲ್ಲಿ ಮಡಿದ. ಆತನ ಮಾತಿಗೆ ಮನ್ನಣೆ ದೊರೆತುದು 1960ರ ದಶಕದಲ್ಲಿ, ಸಾಗರತಳದ ಶೋಧನೆಗಳ ಬಳಿಕ. ಭೂಮಿಯ ಹೊರಚಿಪ್ಪು ಅಖಂಡವಲ್ಲ. ಒಡೆದ ಹಂಚಿನಂತೆ ಹಲವು ಫಲಕಗಳಾಗಿದ್ದು, ಅವು ಒಂದನ್ನೊಂದು ನೂಕುತ್ತಲೂ ಅಗಲುತ್ತಲೂ ಇವೆ.

ಒಂದು ಕಾಲದಲ್ಲಿ ಮಡಗಾಸ್ಕರ್ ದ್ವೀಪ ನಮ್ಮ ಪಶ್ಚಿಮದ ಅಂಚಿಗೆ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಎರಡೂ ಬೇರ್ಪಟ್ಟವು. ಆಗ ಉಕ್ಕಿದ ಕರಗಿದ ಶಿಲೆ ತಣಿದು ಕಂಬಗಳಾಗಿ ನಿಂತುದನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇಂದಿಗೂ ನೋಡಬಹುದು. ಸರಿಸುಮಾರು ಅದೇ ವಯಸ್ಸಿನ ಅಗ್ನಿಶಿಲೆ ಮಡಗಾಸ್ಕರಿನಲ್ಲಿಯೂ ಇದೆ. ಹೀಗೆ ಒಡೆದ ಅಂಚು ಮೇಲೆದ್ದು, ನಾಡು ಪೂರ್ವಕ್ಕೆ ವಾಲಿತೆಂದೂ, ಆ ಅಂಚು ಸವೆದು ಉಳಿದುದೇ ಘಟ್ಟದ ಗೋಡೆಯೆಂದೂ ಭೂವಿಜ್ಞಾನಿಗಳು ವಿವರಿಸುತ್ತಾರೆ. ಆ ಗೋಡೆಯೇ ಮುಂಗಾರಿನ ಮೋಡಗಳನ್ನು ತಡೆದು ಆಗುಂಬೆಗೂ ಶೃಂಗೇರಿಗೂ ಮಳೆ ಸುರಿಸುತ್ತದೆ. ಅಜ್ಜನ ಅಡಿಕೆ ತೋಟ ಹಸುರಾಗಿರುವುದು ಆ ಹಳೆಯ ಅಗಲಿಕೆಯ ಫಲ!

“ಅದೆಲ್ಲ ಹಿಂದಿನ ಕಥೆ. ಈಗ ನಿಂತಿದೆಯಷ್ಟೆ?”

“ಇಲ್ಲ ಅಜ್ಜ. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ಡಿಕ್ಕಿ ಹೊಡೆದು ಹಿಮಾಲಯವನ್ನೆಬ್ಬಿಸಿದರೂ ನಮ್ಮ ಫಲಕ ಇನ್ನೂ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪಗ್ರಹಗಳ ಸಂಕೇತದಿಂದ ಅದನ್ನು ಅಳೆಯುತ್ತಾರೆ. ವರ್ಷಕ್ಕೆ ಸುಮಾರು 5 ಸೆಂಟಿಮೀಟರು, ಈಶಾನ್ಯಕ್ಕೆ.” ಹುಡುಗ ಬೆರಳು ಮಡಿಸಿ ಲೆಕ್ಕ ಹಾಕಿದ. “ನಿಮಗೆ ಎಂಬತ್ತು. ಜಗಲಿಯ ಸಮೇತ ನೀವು 4 ಮೀಟರು ಬಂದುಬಿಟ್ಟಿದ್ದೀರಿ!”

ಹಿರಿಯರು ನಕ್ಕರು. “ಹಾಗಾದರೆ ನಿಮ್ಮ ಬೆಂಗಳೂರು ಅಷ್ಟು ಹತ್ತಿರವಾಯಿತೆನ್ನು.”

“ಅದು ಹೇಗೆ? ಬೆಂಗಳೂರೂ ಅದೇ ಫಲಕದ ಮೇಲಿದೆ. ಅದೂ ಅಷ್ಟೇ ಸರಿದಿದೆ.”

ಹಿರಿಯರ ನಗೆ ಅಲ್ಲಿಗೇ ನಿಂತಿತು. ನೆಲವು ಎಲ್ಲರನ್ನೂ ಹೊತ್ತು ನಡೆದೀತು. ತಂದೆಮಕ್ಕಳ ನಡುವಣ ದಾರಿಯನ್ನು ಮಾತ್ರ ಅದು ಗೇಣಿನಷ್ಟೂ ಕಿರಿದುಗೊಳಿಸದು. ಅದನ್ನು ಮನುಷ್ಯರೇ ನಡೆಯಬೇಕು.

ಮರುದಿನ ಮಗ ಹೊರಟು ನಿಂತಾಗ ಎಂದಿನ ಮಾತನ್ನು ಎತ್ತಲಿಲ್ಲ. ಹಿರಿಯರೇ ಎತ್ತಿದರು. “ಅಡಿಕೆಯ ಕೊನೆಕೊಯ್ಲು ಮುಗಿಯಲಿ, ಒಂದು ತಿಂಗಳ ಮಟ್ಟಿಗೆ ಬಂದು ಇರುತ್ತೇನೆ. ಅಚಲೆಯೇ ನಡೆಯುತ್ತಿರುವಾಗ ನನ್ನದೇನು ಹಟ?”